ಕಚ್ಚಿದ್ದು ಇರಲಿ, ಹಾವಿಗೆ ಎಂತ ಆಯ್ತು?

ಹಾವು ಕಚ್ಚಿಸಿಕೊಂಡವಳು ಗದ್ದೆಯ ಹುಣಿಯಲ್ಲಿ (ಎಂದರೆ ಬದುವಿನಲ್ಲಿ) ಕಾಲು ಚಾಚಿ ಕೂತಿದ್ದಳು. ಉಳಿದ ನಾವು ಹದಿಮೂರು ಮಂದಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಆ ಹಾವನ್ನು ಹುಡುಕುತ್ತಿದ್ದೆವು.

ಆಟೋ ರಸ್ತೆಯಲ್ಲಿ ಸ್ಟಾರ್ಟ್ ಆಗಿಯೇ ನಿಂತಿತ್ತು. ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಆದರೆ ಕಚ್ಚಿದ ಹಾವು ಸಿಗದೆ ತಾನು ಆಟೋ ಹತ್ತುವುದಿಲ್ಲ ಎಂದು ಅವಳ ಹಟ.

ನೀವು ನಗುತ್ತಿರಬಹುದು. ನನಗೂ ಈಗ ನಗು ಬರುತ್ತದೆ. ಆವತ್ತು ಬಂದದ್ದು ಬರೀ ಸಿಟ್ಟು. ಬೆಳಿಗ್ಗೆ ತಿಂದ ಬಿ.ಪಿ. ಮಾತ್ರೆ ಎಲ್ಲಿ ಕರಗಿ ಹೋಯಿತೋ ಗೊತ್ತಿಲ್ಲ.

ಸುರುವಿಂದ ಹೇಳುತ್ತೇನೆ. ಕಳೆದ ತಿಂಗಳು ಮಳೆ ಎರಡು ದಿನ ಬಿಡುವು ಕೊಟ್ಟಿತ್ತಲ್ಲ, ಆಗ ನಾನು ಪೆನ್ಶನ್ನಿನ ಮಸ್ಟರಿಂಗಿಗೆ ಹೊರಟಿದ್ದೆ. (ವರ್ಷಕ್ಕೊಮ್ಮೆ ಬೆರಳು ಒತ್ತಿ, ನಾನಿನ್ನೂ ಸತ್ತಿಲ್ಲ ಎಂದು ಸರಕಾರಕ್ಕೆ ತಿಳಿಸುವ ಕಾರ್ಯಕ್ರಮ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ನನ್ನ ಬೆರಳು ಮೆಷಿನ್ನಿಗೆ ಮೂರನೆಯ ಸಲಕ್ಕೇ ಗುರುತು ಸಿಗುವುದು.) ಅಶ್ರಫನ ಆಟೋದಲ್ಲಿ ಕೂತಿದ್ದೆ. ನಮ್ಮ ಕಾಸರಗೋಡಿನ ಪುತ್ತಿಗೆ ಪಂಚಾಯತಿನ ಈ ಮೂಲೆಯಲ್ಲಿ ಅಶ್ರಫ್ ಎಂದರೆ ಆಟೋ, ಆಂಬುಲೆನ್ಸ್, ಗ್ಯಾಸ್ ಸಿಲಿಂಡರ್ ತರುವವ, ಎಲ್ಲವೂ ಅವನೇ.

ಬೈಲಿನ ತಿರುವಿನಲ್ಲಿ ಒಂದು ಹೆಂಗಸು ರಸ್ತೆಗೆ ಅಡ್ಡ ನಿಂತು ಎರಡೂ ಕೈ ಬೀಸಿದಳು.

"ಟೀಚರ್ ಇದ್ದಾರಾ ಒಳಗೆ? ಇಳೀರಿ, ಬೇಗ ಇಳೀರಿ! ಕಮಲಕ್ಕನಿಗೆ ಹಾವು ಕಚ್ಚಿತು!"

ಕಮಲ ನಮ್ಮ ವಾರ್ಡಿನ ತೊಳಿಲುರಪ್ಪಿನ ಮೇಟ್. (ಉದ್ಯೋಗ ಖಾತರಿ ಎಂದರೆ ನಮ್ಮಲ್ಲಿ ಯಾರಿಗೂ ತಿಳಿಯುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೆಲಸಕ್ಕೆ ಮಾತ್ರ ಮಲಯಾಳ ಹೆಸರು.) ಅವತ್ತು ಅವಳು ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ನೀರು ಹರಿಯುವ ತೋಡಿನ ಬದಿಯ ಹುಲ್ಲು ಕೊಯ್ಯಿಸುತ್ತಿದ್ದಳು. ಒಂದು ಕಾಲದಲ್ಲಿ ಎರಡು ಬೆಳೆ ಬರುತ್ತಿದ್ದ ಬೈಲು ಅದು. ಬೇಸಾಯ ನಿಂತು ಎಷ್ಟೋ ವರ್ಷ ಆಯಿತು. ಈಗ ಅಲ್ಲಿ ನೀರು ನಿಂತು, ಜೊಂಡು ಬೆಳೆದು, ಕೇದಗೆ ಹಬ್ಬಿ, ನೀರುಕೋಳಿಗಳ ಸಂಸಾರ ನಡೆಯುತ್ತಾ ಉಂಟು. ಹಾವುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ?

ಕಮಲ ನನ್ನ ಹಳೆ ಸ್ಟೂಡೆಂಟ್ ಕೂಡ ಹೌದು. ಏಳನೇ ಕ್ಲಾಸಿನಲ್ಲಿ ಮುಂದಿನ ಬೆಂಚು. ಬಾಯಿಪಾಠದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ನಾನು ಓಡಿದೆ. ಅರುವತ್ತೆರಡು ವರ್ಷದ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಹೋಗಿ ನೋಡಿದರೆ ಬಲಗಾಲಿನ ಗಂಟಿನ ಮೇಲೆ ಎರಡು ಚುಕ್ಕಿ, ಸುತ್ತ ಕೆಂಪಗೆ ಊದಲು ಸುರುವಾಗಿದೆ. ಯಾರೋ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಬಿಗಿದು ಕಟ್ಟಿದ್ದರು. ನಾನು ಮೊದಲು ಅದನ್ನು ಸಡಿಲ ಮಾಡಿದೆ.

"ಏಳು. ಅಶ್ರಫ್ ಆಟೋ ತಿರುಗಿಸಿದ್ದಾನೆ. ನಡೆಯಬೇಡ, ಇವರು ಎತ್ತಿಕೊಂಡು ಹೋಗ್ತಾರೆ."

"ಟೀಚರೇ, ನಾನು ಈಗ ಬರ್ಲಿಕ್ಕಿಲ್ಲ."

"ಎಂತ?"

"ಹಾವು ಸಿಗ್ಲಿ. ಮತ್ತೆ ಬರ್ತೇನೆ."

(ಅವಳು ಹೇಳಿದ್ದು ತುಳುವಿನಲ್ಲಿ. ನಾನು ಬೈದದ್ದೂ ತುಳುವಿನಲ್ಲಿ. ಅವಳ ಮಾತನ್ನು ನಿಮಗಾಗಿ ಕನ್ನಡ ಮಾಡಿದ್ದೇನೆ. ನನ್ನ ಬೈಗುಳವನ್ನು ಮಾಡುವುದಿಲ್ಲ.)

ನಾನು ಅಂದುಕೊಂಡೆ, ಡಾಕ್ಟರಿಗೆ ತೋರಿಸಲು ಹಾವು ಬೇಕು ಅಂತ ಇವಳ ತಲೆಯಲ್ಲಿ ಉಂಟೋ ಏನೋ. ಹಾವನ್ನು ಕೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಸ್ಪತ್ರೆಗೆ ತರುವವರು ಈಗಲೂ ಇದ್ದಾರಲ್ಲ. "ಡಾಕ್ಟರಿಗೆ ಹಾವು ಬೇಡ ಮಾರಾಯ್ತಿ, ನೀನು ಸಾಕು" ಎಂದೆ.

"ಡಾಕ್ಟರಿಗೆ ಅಲ್ಲ ಟೀಚರೇ. ಕಚ್ಚಿದ ಕೂಡಲೇ ನಾನು ಕತ್ತಿ ಬೀಸಿದೆ. ತಾಗಿದ ಹಾಗೆ ಆಯ್ತು. ಸರ್ಪವೇ ಆಗಿದ್ದರೆ?"

ಆಗ ನನಗೆ ಅರ್ಥ ಆಯಿತು. ಅರ್ಥ ಆದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯಿತು.

ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಸರ್ಪ ಎಂದರೆ ನಾಗರಹಾವು. ಅದು ಹಾವಲ್ಲ, ನಾಗ. ರಸ್ತೆಯಲ್ಲಿ ಬಸ್ಸಿನಡಿ ಸತ್ತು ಬಿದ್ದಿದ್ದರೂ ಹಾಗೇ ಬಿಟ್ಟು ಹೋಗುವ ಕ್ರಮವಿಲ್ಲ. ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡಬೇಕು. ಕೈಯಾರೆ ಕೊಂದರಂತೂ ಮುಗಿಯಿತು, ದೋಷ ಹೊಟ್ಟೆಯಲ್ಲಿರುವ ಮಗುವಿಗೆ ತಾಗುತ್ತದೆ. ಗಾಯ ಮಾಡಿ ಅರೆಜೀವದಲ್ಲಿ ಬಿಟ್ಟರೆ ಅದಕ್ಕಿಂತ ಕೆಟ್ಟದ್ದಂತೆ.

ಕಮಲನ ಮಗಳು ಶ್ವೇತಾ ಆಗ ಎಂಟು ತಿಂಗಳ ಗರ್ಭಿಣಿ. ಮದುವೆಯಾಗಿ ಆರು ವರ್ಷ. ಎರಡು ಸಲ ಹೊಟ್ಟೆಯಲ್ಲೇ ಹೋಗಿತ್ತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ನಾಗದೋಷ ಕಂಡಿತು, ಆಶ್ಲೇಷಾ ಬಲಿ ಮಾಡಿಸಿದರು. ಮೂರನೆಯದು ನಿಂತಿತು. (ನಡುವೆ ಮಂಗಳೂರಿನಲ್ಲಿ ಒಂದು ವರ್ಷ ಚಿಕಿತ್ಸೆಯೂ ಆಗಿತ್ತು. ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.) ಇಷ್ಟೆಲ್ಲ ಆದ ಮೇಲೆ ಈಗ ಅಮ್ಮನ ಕತ್ತಿ ಸರ್ಪಕ್ಕೆ ತಾಗಿದರೆ?

"ನೀನು ಸತ್ತರೆ ಅವಳ ಬಾಣಂತನ ಯಾರು ಮಾಡುದು?" ನಾನು ಕಿರುಚಿದೆ.

"ಸರ್ಪ ಸತ್ತಿದ್ದರೆ ಬಾಣಂತನವೇ ಇರುದಿಲ್ಲ ಟೀಚರೇ."

ಅವಳ ಹಿಂದೆ ನಿಂತ ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಎಲ್ಲರೂ ಮಕ್ಕಳೊಂದಿಗರು.

"ಎತ್ತಿ ಆಟೋಕ್ಕೆ ಹಾಕಿ ಇವಳನ್ನು" ಎಂದೆ. ಇಬ್ಬರು ಅರೆಮನಸ್ಸಿನಲ್ಲಿ ಕೈ ಹಾಕಿದರು. ಕಮಲ ಕಾಲು ಕೊಡವಿ ಕೊಸರಾಡಿದಳು. ನಾನೇ ಹೆದರಿ, "ಬಿಡಿ, ಬಿಡಿ" ಎಂದೆ. ಆಗ ಆ ಪುಣ್ಯಾತ್ಮಗಿತ್ತಿ ನನಗೇ ಪಾಠ ಒಪ್ಪಿಸಿದಳು.

"ಹಾವು ಕಚ್ಚಿದಾಗ ಗಾಬರಿ ಆಗಬಾರದು. ಕಚ್ಚಿದ ಭಾಗವನ್ನು ಅಲುಗಾಡಿಸಬಾರದು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಯಿಂದ ಹೀರಬಾರದು. ನೀವೇ ಕಲಿಸಿದ್ದಲ್ವಾ?"

"ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಬೇಕು ಅಂತ ಕೊನೆಯಲ್ಲಿ ಒಂದು ವಾಕ್ಯ ಉಂಟಲ್ಲ, ಅದು ಎಲ್ಲಿ ಹೋಯ್ತು?"

"ಅದು ನೆನಪುಂಟು" ಎಂದಳು. ಅಷ್ಟೇ. ನೆನಪುಂಟಂತೆ!

ಮೂವತ್ತೊಂದು ವರ್ಷ ನಾನು ಯಾರಿಗೆ ಎಂತ ಕಲಿಸಿದೆ ಅಂತ ಆ ಹುಣಿಯಲ್ಲಿ ನಿಂತು ನನಗೇ ಸಂಶಯ ಬಂತು. ಫುಲ್ ಮಾರ್ಕ್ ಕೊಟ್ಟ ಕೈ ನನ್ನದೇ.

ಸರಿ, ಹುಡುಕುವುದು ಅಂತಾಯಿತು. ಹುಡುಕದೆ ಅವಳು ಏಳುವುದಿಲ್ಲ, ಏಳದೆ ಆಟೋ ಹೊರಡುವುದಿಲ್ಲ. ಅಶ್ರಫ್ ಪ್ಯಾಂಟ್ ಮಡಚಿ ಇಳಿದ. ಹೆಂಗಸರು ಇಳಿದರು. ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ. ವಿಜ್ಞಾನ ಟೀಚರ್ ಅಲ್ವಾ, ಹಾವು ಸಿಕ್ಕಿದರೆ ಜಾತಿ ಹೇಳುವವರು ಬೇಕಲ್ಲ. ಹದಿನಾಲ್ಕನೆಯವರಾಗಿ ಐತಪ್ಪಣ್ಣ ಬಂದರು. ಬಂದರು, ಆದರೆ ಕೆಸರಿಗೆ ಇಳಿಯಲಿಲ್ಲ. ಆಚೆ ಮನೆಯ ಹಿರಿಯರು. ಬಾವಿ ಎಲ್ಲಿ ತೋಡಬೇಕು, ದನಕ್ಕೆ ಯಾವ ಮದ್ದು ಕೊಡಬೇಕು, ಯಾರ ಜಾತಕ ಯಾರಿಗೆ ಕೂಡುತ್ತದೆ, ಎಲ್ಲದಕ್ಕೂ ಅವರ ಅಭಿಪ್ರಾಯ ಉಂಟು. ಹುಣಿಯಲ್ಲಿ ಕೊಡೆ ಊರಿ ನಿಂತು ಡೈರೆಕ್ಷನ್ ಕೊಡಲು ಸುರುಮಾಡಿದರು.

"ಅಲ್ಲಿ ಅಲ್ಲ, ಅಲ್ಲಿ ಅಲ್ಲ. ಸರ್ಪ ಯಾವಾಗಲೂ ಮೂಡು ದಿಕ್ಕಿಗೆ ಹೋಗುದು."

ಎಲ್ಲರೂ ಮೂಡಕ್ಕೆ ತಿರುಗಿದರು. ಯಾಕೆ ಮೂಡಕ್ಕೆ? ಹಾವಿಗೆ ದಿಕ್ಕು ಹೇಳಿಕೊಟ್ಟವರು ಯಾರು? ಕೇಳುವ ಪುರುಸೊತ್ತು ನನಗಿರಲಿಲ್ಲ.

ಜೊಂಡು ಬಗ್ಗಿಸಿ ನೋಡಿದೆವು. ಕೇದಗೆಯ ಬುಡ ನೋಡಿದೆವು (ಅದರ ಮುಳ್ಳು ಕೈಗೆ ಗೀರಿದ್ದು ಇನ್ನೂ ಮಾಸಿಲ್ಲ). ಕೊಯ್ದ ಹುಲ್ಲಿನ ರಾಶಿಯನ್ನು ಕೋಲಿನಲ್ಲಿ ಒಂದೊಂದೇ ಎತ್ತಿದೆವು. ಹುಡುಕುವ ಹೆಂಗಸರ ರೀತಿ ನೋಡಬೇಕಿತ್ತು. ಹಾವು ಸಿಗಲಿ ಅಂತ ಕಣ್ಣು ಹುಡುಕುತ್ತಿತ್ತು, ಸಿಗದಿರಲಿ ಅಂತ ಕಾಲು ಹಿಂದೆ ಸರಿಯುತ್ತಿತ್ತು. ಪ್ರತಿ ಎರಡು ಹೆಜ್ಜೆಗೆ ಒಬ್ಬೊಬ್ಬರು ನಾಗನಿಗೆ ತಂಬಿಲದ ಪೂಜೆಯ ಹರಕೆ ಹೇಳಿಕೊಳ್ಳುತ್ತಿದ್ದರು.

"ಸಿಕ್ಕಿತು!" ಒಬ್ಬಳು ಕೂಗಿದಳು. ಓಡಿದೆ. ನೀರೊಳ್ಳೆ. ವಿಷವಿಲ್ಲದ ಪಾಪದ ಜೀವ, ಬಾಯಲ್ಲಿ ಕಪ್ಪೆ ಇತ್ತು. ಅದು ನಮ್ಮನ್ನು ಕಂಡು ಕಪ್ಪೆಯನ್ನೂ ಬಿಟ್ಟು ಹೋಯಿತು. ಇನ್ನೊಂದು ಸಲ "ಸಿಕ್ಕಿತು!" ಅದೂ ನೀರೊಳ್ಳೆಯೇ. ಮೂರನೆಯದು ಕೇರೆ, ನಾಲ್ಕನೆಯದು ಯಾರದೋ ಪಂಪಿನ ಕಪ್ಪು ಪೈಪಿನ ತುಂಡು. ಅದನ್ನು ಹಿಡಿದೆತ್ತಿದ್ದು ಅಶ್ರಫ್. ಎತ್ತಿದ ಮೇಲೆ ಬೊಬ್ಬೆ ಹಾಕಿ ಎಸೆದದ್ದೂ ಅಶ್ರಫ್. ನನ್ನ ಎಡಗಾಲಿನ ಚಪ್ಪಲಿ ಕೆಸರಿನೊಳಗೆ ಹೋಯಿತು. ಅದನ್ನು ಯಾರೂ ಹುಡುಕಲಿಲ್ಲ.

ಈ ನಡುವೆ ಒಬ್ಬಳು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದಳು. ಫೋನುಗಳು ಟಿಣ್ ಟಿಣ್ ಸುರುಮಾಡಿದವು. ಕೈಮುಗಿದ ಚಿತ್ರ ಮೂವತ್ತು ಬಂತು. "ಯಾವ ಹಾವು?" ಅಂತ ಒಬ್ಬ. "ಎಷ್ಟು ಉದ್ದ?" ಅಂತ ಇನ್ನೊಬ್ಬ. "ಕಾಸರಗೋಡಿಗೆ ಬೇಡ, ಸೀದಾ ಮಂಗಳೂರಿಗೆ ಹೋಗಿ" ಅಂತ ಒಬ್ಬರ ಸಲಹೆ. "ಮಂಗಳೂರಿಗೆ ಯಾಕೆ, ಇಲ್ಲಿ ಎಂತ ಇಲ್ಲವಾ?" ಅಂತ ಇನ್ನೊಬ್ಬರು. ಹೊರಡದ ಆಟೋ ಎಲ್ಲಿಗೆ ಹೋಗಬೇಕು ಎಂದು ಅಲ್ಲಿ ಜಗಳ! ಹೇಗಿದ್ದಾಳೆ ಅಂತ ಕೇಳಿದವರು ಎಷ್ಟು ಮಂದಿ ಗೊತ್ತಾ? ಮತ್ತೆ ಕೂತು ನಾನು ಮೇಲಿಂದ ಕೆಳಗೆ ಓದಿದ್ದೇನೆ. ಒಬ್ಬರು. ಅವರೂ ಕೇಳಿದ್ದು, "ಶ್ವೇತಾ ಹೇಗಿದ್ದಾಳೆ?"

ಐತಪ್ಪಣ್ಣನಿಗೆ ಹೊಸ ಯೋಚನೆ ಬಂತು.

"ಕಾಳಿಂಗ ಆಗಿದ್ದರೆ?"

ಹನ್ನೊಂದು ಹೆಂಗಸರು ಒಟ್ಟಿಗೆ ಮೇಲೆ ಹಾರಿದರು. ಎರಡು ನಿಮಿಷದಲ್ಲಿ ಬೈಲಿನಲ್ಲಿ ಉಳಿದದ್ದು ನಾನು, ಅಶ್ರಫ್ ಇಬ್ಬರೇ.

"ಇಲ್ಲಿಗೆ ಕಾಳಿಂಗ ಎಲ್ಲಿಂದ ಬರ್ತದೆ ಐತಪ್ಪಣ್ಣ?"

"ದೇಲಂಪಾಡಿ ಕಾಡಿನಲ್ಲಿ ಉಂಟು. ಹೊಳೆಯಲ್ಲಿ ತೇಲಿ ಬಂದಿರಬಹುದು."

"ದೇಲಂಪಾಡಿಯ ಹೊಳೆ ನಮ್ಮ ಊರಿಗೆ ಬರುದೇ ಇಲ್ಲ!"

"ಹೊಳೆ ಬರುದಿಲ್ಲ, ಸರಿ. ಹಾವಿಗೆ ಬರಬಾರದು ಅಂತ ಉಂಟಾ?"

ನನಗೆ ಅಳು ಬಂತು. ನಿಜವಾಗಿ. ಕಾಳಿಂಗ ಕಚ್ಚಿದ್ದರೆ ಕಮಲ ಇಷ್ಟು ಹೊತ್ತು ಕೂತು ನಮ್ಮ ಹುಡುಕಾಟದಲ್ಲಿ ತಪ್ಪು ಹಿಡಿಯುತ್ತಿರಲಿಲ್ಲ ಅಂತ ಹೇಳಬೇಕೆಂದುಕೊಂಡೆ. ಹೇಳಿ ಎಂತ ಪ್ರಯೋಜನ? ಅಷ್ಟರಲ್ಲಿ ಅಶ್ರಫ್ ಮೆಲ್ಲ ನನ್ನ ಹತ್ತಿರ ಬಂದ.

"ಟೀಚರ್, ಗಂಟೆ ನೋಡಿ. ಮೂವತ್ತೈದು ಮಿನಿಟ್ ಆಯ್ತು."

ನಾನು ತಿರುಗಿ ಕಮಲನ ಮುಖ ನೋಡಿದೆ. ಬಿಳಚಿಕೊಂಡಿತ್ತು. ಕಾಲು ಮೊಣಕಾಲಿನವರೆಗೆ ಊದಿತ್ತು. ಆದರೂ ಕಣ್ಣು ಮಾತ್ರ ನಮ್ಮ ಕೈಯ ಕೋಲಿನ ಮೇಲೆ. ಸಾಯುತ್ತೇನೆ ಎಂಬ ಹೆದರಿಕೆ ಆ ಮುಖದಲ್ಲಿ ಇರಲಿಲ್ಲ. ಬೇರೆ ಹೆದರಿಕೆ ಇತ್ತು.

ನನ್ನ ಜೀವನದಲ್ಲಿ ನಾನು ಸುಳ್ಳು ಹೇಳಿಲ್ಲ ಅಂತಲ್ಲ. ಆದರೆ ಇಷ್ಟು ಲೆಕ್ಕಾಚಾರ ಹಾಕಿ ಹೇಳಿದ್ದು ಅದೇ ಮೊದಲು. ಯೋಚನೆ ಮಾಡಿ ನೋಡಿ. ಸರ್ಪ ಎಂದರೆ ಅವಳು ಹೆಣ ಸಿಗುವವರೆಗೆ ಏಳುವುದಿಲ್ಲ. ನೀರೊಳ್ಳೆ ಎಂದರೆ ಖುಷಿಯಲ್ಲಿ ಎದ್ದು ಸೀದಾ ಮನೆಗೆ ಹೋಗಿ ಗಂಜಿ ಉಂಡು ಮಲಗುತ್ತಾಳೆ. ನನಗೆ ವಿಷವೂ ಇರಬೇಕು, ದೇವರೂ ಆಗಿರಬಾರದು, ಅಂಥ ಹಾವು ಬೇಕಿತ್ತು.

"ಕನ್ನಡಿ ಹಾವು!" ನಾನು ಕೇದಗೆಯ ಬುಡಕ್ಕೆ ಕೋಲು ತೋರಿಸಿ ಕೂಗಿದೆ (ಘಟ್ಟದ ಮೇಲಿನವರು ಕೊಳಕುಮಂಡಲ ಎನ್ನುವುದು ಇದನ್ನೇ). "ಅದೇ, ಅಲ್ಲಿ ಹೋಯ್ತು! ಇಷ್ಟು ದಪ್ಪ! ಬೆನ್ನಿನ ಮೇಲೆ ಸರಪಣಿ ಉಂಟು! ಅಶ್ರಫ್, ಕಂಡಿತಾ?"

ಅಶ್ರಫ್ ಒಂದು ಕ್ಷಣ ನನ್ನ ಮುಖ ನೋಡಿದ. ಮತ್ತೆ, "ಕಂಡಿತು ಟೀಚರ್, ದೊಡ್ಡದು!" ಎಂದ. (ಅವನಿಗೆ ನಾನು ಕಲಿಸಿದವಳಲ್ಲ. ಆದ್ದರಿಂದ ಬೇಗ ಅರ್ಥವಾಯಿತು.)

"ಕತ್ತಿ ತಾಗಿದ ಗುರುತು ಉಂಟಾ?" ಕಮಲ ಅಲ್ಲಿಂದಲೇ ಕೇಳಿದಳು.

"ಎಂತದೂ ಇಲ್ಲ. ಬಾಲದವರೆಗೆ ನೋಡಿದೆ. ನಿನ್ನ ಕತ್ತಿ ತಾಗಿದ್ದು ಹುಲ್ಲಿಗೆ."

"ಸರ್ಪ ಅಲ್ಲ?"

"ಅಲ್ಲ. ಕನ್ನಡಿ ಹಾವು. ಭಯಂಕರ ವಿಷ. ಏಳು!"

ಕಮಲ ಏಳಲಿಲ್ಲ. ನನ್ನನ್ನೇ ನೋಡಿದಳು. "ನಾಗನ ಆಣೆ ಹಾಕಿ ಟೀಚರೇ."

ನಾನು ಯಾವ ಆಣೆಯನ್ನೂ ಹಾಕುವವಳಲ್ಲ. ಇದು ಊರಿಗೇ ಗೊತ್ತು. ನಾಗಬನದ ಮುಂದೆ ಚಪ್ಪಲಿ ಕಳಚದೆ ಹೋಗುತ್ತೇನೆ ಅಂತ ನನ್ನ ಮೇಲೆ ಒಂದು ಕಾಲದಲ್ಲಿ ಹೆಡ್ ಮಾಸ್ಟರಿಗೆ ದೂರು ಹೋಗಿತ್ತು. ಆದರೂ ನೋಡಿ, ಬಾಯಿ ಅರೆಗಳಿಗೆ ತಡೆಯಿತು. ಯಾಕೆ ತಡೆಯಿತು ಅಂತ ನನ್ನನ್ನು ಕೇಳಬೇಡಿ.

"ನಾಗನ ಆಣೆ" ಎಂದೆ.

ಕೂಡಲೇ ಕೈ ಚಾಚಿದಳು, ಎತ್ತಿ ಅಂತ. ನಾಲ್ಕು ಮಂದಿ ಹೊತ್ತುಕೊಂಡು ಓಡಿದೆವು.

ಅರ್ಧ ದಾರಿಯಲ್ಲಿ ಅವಳ ರೆಪ್ಪೆ ಜೋಲತೊಡಗಿತು. "ಟೀಚರೇ, ನೀವು ಎರಡೆರಡು ಕಾಣ್ತೀರಿ" ಎಂದಳು, ನಾಲಗೆ ದಪ್ಪವಾಗಿತ್ತು. ಅಶ್ರಫ್ ಹಿಂದೆ ತಿರುಗಿ ನೋಡಲಿಲ್ಲ. ಹಾರನ್ನಿನ ಮೇಲಿಟ್ಟ ಕೈ ತೆಗೆಯಲೂ ಇಲ್ಲ. ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, ನಿದ್ದೆ ಮಾಡಬೇಡ, ಮಗ್ಗಿ ಹೇಳು, ಹದಿಮೂರರ ಮಗ್ಗಿ ಹೇಳು ಅಂತ ನಾನು ಅವಳನ್ನು ಬೈಯುತ್ತಾ ಹೋದೆ. ಹದಿಮೂರು ಐದಲಿಯವರೆಗೆ ಹೇಳಿದಳು. ಮತ್ತೆ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಹಿಂದೆ ನಮ್ಮ ಹೆಂಗಸರದ್ದೊಂದು ದಂಡು. ಒಂದು ಜೀಪು ಮಾಡಿಕೊಂಡು ಬಂದಿದ್ದರು. ಎಲ್ಲರೂ ಒಂದೇ ಸ್ವರ: "ಕನ್ನಡಿ ಹಾವು! ಟೀಚರ್ ಕಣ್ಣಾರೆ ನೋಡಿದ್ದಾರೆ! ಆಣೆ ಹಾಕಿದ್ದಾರೆ!"

ನಾನು ಹೇಳಿದ ಸುಳ್ಳು ಈಗ ಕೇಸ್ ಶೀಟಿನಲ್ಲಿ ಬರೆಯಲ್ಪಡುತ್ತದೆ. ಆ ಸುಳ್ಳನ್ನು ನಂಬಿ ತಪ್ಪು ಮದ್ದು ಕೊಟ್ಟರೆ? ಬೈಲಿನಲ್ಲಿ ಈ ಯೋಚನೆ ಬಂದೇ ಇರಲಿಲ್ಲ. ವಿಜ್ಞಾನ ಟೀಚರಂತೆ, ವಿಜ್ಞಾನ!

ಡ್ಯೂಟಿ ಡಾಕ್ಟರ್ ಸಣ್ಣ ಪ್ರಾಯದ ಹೆಣ್ಣುಮಗಳು, ತೆಂಕಣ ಕೇರಳದವಳು. ಅವಳನ್ನು ಬಾಗಿಲ ಮರೆಗೆ ಕರೆದು ನನ್ನ ಮುರುಕು ಮಲಯಾಳದಲ್ಲಿ ತಪ್ಪೊಪ್ಪಿಕೊಂಡೆ. ನಾನು ಯಾವ ಹಾವನ್ನೂ ನೋಡಿಲ್ಲ. ಅವಳನ್ನು ಆಟೋ ಹತ್ತಿಸಲು ಹೇಳಿದ್ದು. ದಯವಿಟ್ಟು ನನ್ನ ಮಾತು ನಂಬಬೇಡಿ.

"ಟೀಚರೇ, ನಾನು ನಂಬಿಯೇ ಇಲ್ಲ" ಎಂದಳು. "ಇಲ್ಲಿಗೆ ಬರುವವರು ದಿನಾ ಒಂದೊಂದು ಹಾವು ಹೇಳ್ತಾರೆ. ನಾನು ಹಾವನ್ನು ನೋಡುದಿಲ್ಲ, ಪೇಶೆಂಟನ್ನು ನೋಡ್ತೇನೆ. ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತಾ ಉಂಟು, ಆದರೆ ಕಣ್ಣಿನ ರೆಪ್ಪೆ ಬಿದ್ದಿದೆ. ಮೂರ್ಖನ್ ಆಗಿರಬೇಕು. ಕನ್ನಡಿಯೇ ಆಗಿದ್ದರೂ ಇಂಜೆಕ್ಷನ್ ಅದೇ. ಕೊಡಲು ಸುರುಮಾಡಿದ್ದೇನೆ."

(ಮೂರ್ಖನ್ ಎಂದರೆ ಮಲಯಾಳದಲ್ಲಿ ನಾಗರಹಾವು. ಆ ಹೊತ್ತಿಗೆ ನಾನು ಅದನ್ನು ನನ್ನ ಬಿರುದೆಂದೇ ತೆಗೆದುಕೊಂಡೆ.)

ಅವಳು ಒಳಗೆ ಹೋಗುವ ಮೊದಲು ತಿರುಗಿ ಕೇಳಿದಳು, "ಕಚ್ಚಿ ಎಷ್ಟು ಹೊತ್ತು ಆಯ್ತು?"

ಹೇಳಿದೆ.

"ಇಷ್ಟು ಹೊತ್ತು ಎಂತ ಮಾಡ್ತಾ ಇದ್ದಿರಿ?"

ಹಾವು ಹುಡುಕುತ್ತಾ ಇದ್ದೆವು ಎಂದು ಹೇಳಲು ನನಗೆ ನಾಚಿಕೆಯಾಯಿತು. "ಆಟೋ ಸಿಗಲಿಲ್ಲ" ಎಂದೆ. ಎರಡನೆಯ ಸುಳ್ಳು. ಪಕ್ಕದಲ್ಲೇ ನಿಂತಿದ್ದ ಅಶ್ರಫ್ ಕೈಯಲ್ಲಿದ್ದ ಆಟೋದ ಕೀಯನ್ನು ಮೆಲ್ಲ ಜೇಬಿಗೆ ಹಾಕಿಕೊಂಡ.

ಆ ಎರಡು ದಿನ ಹೇಗೆ ಕಳೆಯಿತು ಅಂತ ನಾನು ಬರೆಯುವುದಿಲ್ಲ. ಮೊದಲನೆಯ ಸಂಜೆ ಉಸಿರಾಟ ಕಷ್ಟ ಆಗಿ ಮೆಷಿನ್ನಿಗೆ ಹಾಕಿದರು. ಕಮಲನ ಗಂಡ ಗೋಡೆಗೆ ಮುಖ ಮಾಡಿ ನಿಂತವನು ಕೂರಲೇ ಇಲ್ಲ. ಶ್ವೇತಾಳಿಗೆ ಏನೂ ಹೇಳಿರಲಿಲ್ಲ. ಅಮ್ಮನಿಗೆ ಜ್ವರ ಅಂತ ಅಷ್ಟೇ. ಮೂವತ್ತೈದು ಮಿನಿಟ್, ಮೂವತ್ತೈದು ಮಿನಿಟ್ ಅಂತ ನನ್ನ ತಲೆಯಲ್ಲಿ ಅದೊಂದೇ ತಿರುಗುತ್ತಾ ಇತ್ತು. ಮೊದಲ ಮಿನಿಟಿನಲ್ಲೇ ಆ ಸುಳ್ಳು ನನಗೆ ಯಾಕೆ ಹೊಳೆಯಲಿಲ್ಲ?

ಫೋನು ಮಾತ್ರ ಬಿಡುವಿಲ್ಲದೆ ಬರುತ್ತಿತ್ತು. ಐತಪ್ಪಣ್ಣ ಮರುದಿನ ಬಸ್ಸು ಹಿಡಿದು ಸ್ವತಃ ಬಂದರು. ಕೈಯಲ್ಲಿ ಎಳನೀರಿನ ಬೊಂಡ, ಅದಕ್ಕೆ ಸ್ಟ್ರಾ ಕೂಡ. ನನಗೆ ಸ್ವಲ್ಪ ಪಶ್ಚಾತ್ತಾಪ ಆಯಿತು, ಇವರನ್ನು ನಾನು ಸುಮ್ಮನೆ ಬೈದೆನೋ ಏನೋ ಅಂತ. ಬೆಂಚಿನಲ್ಲಿ ಕೂತು, ಉಸಿರು ತೆಗೆದುಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಕಚ್ಚಿದ್ದು ಇರಲಿ ಟೀಚರ್, ಹಾವಿಗೆ ಎಂತ ಆಯ್ತು?"

ನಾವು ಹೀಗೆಯೇ ಅಲ್ವಾ? ಬೈಕ್ ಬಿದ್ದರೆ ಬಿದ್ದವನನ್ನು ಎತ್ತುವ ಮೊದಲು ಯಾರದ್ದು ತಪ್ಪು ಅಂತ ತೀರ್ಮಾನ ಆಗಬೇಕು. ಮಗುವಿಗೆ ಜ್ವರ ಬಂದರೆ ಯಾರ ಕಣ್ಣು ತಾಗಿತು ಅಂತ ಗೊತ್ತಾಗಬೇಕು. ಹುಡುಗಿ ಅಳುತ್ತಾ ತವರಿಗೆ ಬಂದರೆ ಅವಳು ಉಂಡಿದ್ದಾಳಾ ಅಂತ ಕೇಳುವವರಿಲ್ಲ, ಜಗಳ ಸುರು ಮಾಡಿದ್ದು ಯಾರು ಅಂತ ಕೇಳುವವರು ಊರು ತುಂಬ. ಎದುರು ಕೂತು ನರಳುವವರನ್ನು ಬಿಟ್ಟು, ಹುಲ್ಲಿನಲ್ಲಿ ಹರಿದು ಹೋದದ್ದರ ಹಿಂದೆಯೇ ನಮ್ಮ ಕಣ್ಣು. ನನಗೂ ಇದು ಹೊರತಲ್ಲ. ಆವತ್ತು ನಾನೂ ಕೋಲು ಹಿಡಿದು ಕೆಸರಿನಲ್ಲೇ ಇದ್ದೆನಲ್ಲ.

ಮೂರನೆಯ ದಿನ ಕಮಲ ಕಣ್ಣು ಬಿಟ್ಟಳು. ಎಂಟು ದಿನಕ್ಕೆ ಮನೆಗೆ ಬಂದಳು. ಇಪ್ಪತ್ತು ದಿನ ಕಳೆದು ಶ್ವೇತಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಎರಡೂ ಮುಕ್ಕಾಲು ಕಿಲೋ, ಕೂಗಿದರೆ ಆಚೆ ಮನೆಗೆ ಕೇಳುತ್ತದೆ.

ಕಳೆದ ಭಾನುವಾರ ನೋಡಲು ಹೋದೆ. ಕಮಲನ ಕಾಲಿನಲ್ಲಿ ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಆದರೂ ಮಗುವಿನ ಮೀಯುವ ನೀರಿಗೆ ಒಲೆ ಉರಿಸುತ್ತಾ ಕೂತಿದ್ದಳು. ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಒಳಗೆ ಶ್ವೇತಾ ಮಲಗಿದ್ದನ್ನು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

"ಟೀಚರೇ, ಅವತ್ತು ನಾನು ಹೆಡೆ ನೋಡಿದ್ದೆ."

ನನಗೆ ಒಮ್ಮೆಗೆ ತಲೆಬುಡ ತಿಳಿಯಲಿಲ್ಲ. "ಯಾವಾಗ?"

"ಕಚ್ಚುವಾಗಲೇ. ಸರ್ಪವೇ ಅದು. ಸತ್ತಿತಾ ಬದುಕಿತಾ ಅಂತ ಗೊತ್ತಾಗಬೇಕಿತ್ತು, ಅದಕ್ಕೇ ಹುಡುಕಿಸಿದ್ದು."

"ಹಾಗಾದರೆ ನಾನು ಕನ್ನಡಿ ಹಾವು ಎಂದದ್ದು..."

"ಸುಳ್ಳು ಅಂತ ಆಗಲೇ ಗೊತ್ತಿತ್ತು."

"ಗೊತ್ತಿದ್ದೂ ಆಟೋ ಹತ್ತಿದಿಯಾ? ಮತ್ತೆ ನನ್ನಿಂದ ಆಣೆ ಹಾಕಿಸಿದ್ದು ಯಾವ ಭಾಗ್ಯಕ್ಕೆ?"

ಕಮಲ ಒಲೆಗೆ ತೆಂಗಿನ ಇನ್ನೊಂದು ಒಣ ಕೊತ್ತಳಿಗೆ ತುರುಕಿದಳು. ಸೊಂಟ ನೆಟ್ಟಗೆ ಮಾಡಿ, ಏಳನೇ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದಾಗ ಕೂರುತ್ತಿದ್ದ ಹಾಗೆ ಕೂತಳು.

"ನಾಗನ ಹೆಸರಿನಲ್ಲಿ ಸುಳ್ಳು ಆಣೆ ಹಾಕಿದರೆ, ಕತ್ತಿ ತಾಗಿದ ದೋಷವೂ ಪೂರ್ತಿ ಆಣೆ ಹಾಕಿದವರ ತಲೆಗೆ ಹೋಗ್ತದೆ ಟೀಚರೇ. ನಮ್ಮ ಮನೆಗೆ ಬರುದಿಲ್ಲ."

ಇವಳ ಜೀವ ಉಳಿಸಲು ನಾನು ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲಿ, ಅಷ್ಟು ವಿಷ ಏರಿಸಿಕೊಂಡು ಕೂತ ಇವಳು ನನಗಿಂತ ದೊಡ್ಡ ಲೆಕ್ಕ ಹಾಕಿ ಮುಗಿಸಿದ್ದಳು. ಸಿಟ್ಟು ನೆತ್ತಿಗೇರಿತು.

"ಅಂದರೆ ನನ್ನ ತಲೆಗೆ ಕಟ್ಟಿದೆ! ನಾನು ಸತ್ತರೆ ಅಡ್ಡಿ ಇಲ್ಲವಾ ನಿನಗೆ?"

"ಛೆ, ಛೆ. ನಿಮಗೆ ಎಂತದೂ ಆಗುದಿಲ್ಲ" ಎಂದಳು ಕಮಲ, ಕಣ್ಣಿನಲ್ಲಿ ನೀರು ತುಂಬಿಕೊಂಡು. "ನೀವು ನಂಬುದಿಲ್ಲ ಅಲ್ವಾ? ನಂಬದವರಿಗೆ ಅದು ತಾಗುದಿಲ್ಲ. ಅಲ್ಲಿದ್ದವರು ಎಲ್ಲರೂ ಮಕ್ಕಳೊಂದಿಗರು, ಎಲ್ಲರೂ ನಂಬುವವರು. ನಿಮ್ಮನ್ನು ಬಿಟ್ಟು ನಾನು ಬೇರೆ ಯಾರ ಹತ್ರ ಕೇಳುದು ಟೀಚರೇ?"

ಮಗು ನನ್ನ ಬೆರಳು ಬಿಗಿಯಾಗಿ ಹಿಡಿದುಕೊಂಡಿತ್ತು. ಮೆಲ್ಲ ಬಿಡಿಸಿಕೊಂಡೆ. ಮಗುವನ್ನು ಅವಳ ಕೈಗೆ ಕೊಟ್ಟು, ಒಲೆಗೆ ನಾನೇ ಒಂದು ಕೊತ್ತಳಿಗೆ ತುರುಕಿದೆ.

ನೀವೇ ಹೇಳಿ, ಇಷ್ಟೊಂದು ಮಂದಿ ನಂಬುವವರಿರುವ ಊರಿನಲ್ಲಿ, ಅವರ ಉಪಯೋಗಕ್ಕಾದರೂ ನಂಬದವಳು ಒಬ್ಬಳು ಬೇಡವೇ?